ಅಕ್ಷಿಪಟಲದ ವಿದ್ಯುತ್ ಪ್ರಚೋದನೆ

ಕಣ್ಣಿನ ಹಿಂಭಿತ್ತಿಯಲ್ಲಿ ಹಾಸಿರುವ ಅಕ್ಷಿಪಟಲವು ಹಲವು ಪದರಗಳುಳ್ಳದ್ದು. ಬೆಳಕನ್ನು ಗ್ರಹಿಸುವ ದಂಡಕೋಶ ಶಂಕುಕೋಶಗಳು ಹೊರಪದರದಲ್ಲಿವೆ. ಅವುಗಳ ಸಂಕೇತವನ್ನು ನಡುವಣ ದ್ವಿಧ್ರುವಕೋಶಗಳು ಒಳಪದರದ ಗ್ಯಾಂಗ್ಲಿಯನ್ ಕೋಶಗಳಿಗೆ ಒಪ್ಪಿಸುತ್ತವೆ. ಇವುಗಳ ಸುಮಾರು 10 ಲಕ್ಷ ತಂತುಗಳು ಕೂಡಿ ದೃಷ್ಟಿನರವಾಗುತ್ತವೆ. ಆನುವಂಶಿಕವಾದ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗದಲ್ಲಿ ಮೊದಲು ನಶಿಸುವವು ಹೊರಪದರದ ಕೋಶಗಳು. ಒಳಪದರಗಳು ಬಹುಮಟ್ಟಿಗೆ ಉಳಿದಿರುತ್ತವೆ. ಕಿಟಕಿ ಮುಚ್ಚಿದೆಯೇ ಹೊರತು ಮನೆ ಬಿದ್ದಿಲ್ಲ. ಹಾಗಾದರೆ ಉಳಿದ ಕೋಶಗಳನ್ನು ವಿದ್ಯುತ್ತಿನಿಂದಲೇ ಏಕೆ ಪ್ರಚೋದಿಸಬಾರದು? (ಗ್ಲಾಕೋಮಾದಿಂದ ದೃಷ್ಟಿನರವೇ ನಾಶವಾದವರಿಗೆ ಈ ಮಾರ್ಗವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.)

ವಿದ್ಯುತ್ತು ಬೆಳಕಿನ ಅನುಭವವನ್ನು ಹುಟ್ಟಿಸಬಲ್ಲದೆಂಬುದು ಹಳೆಯ ಸಂಗತಿ. 1755ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಲ್ ಲೆ ರಾಯ್ ಅಂಧನೊಬ್ಬನ ತಲೆಗೆ ತಂತಿ ಸುತ್ತಿ ವಿದ್ಯುತ್ತನ್ನು ಹರಿಸಿದಾಗ ಅವನಿಗೆ ಜ್ವಾಲೆಯಂಥ ಬೆಳಕು ಕಂಡಿತು, ದೃಷ್ಟಿ ಬರಲಿಲ್ಲ. ಬೆಳಕು ಕಾಣುವುದಕ್ಕೂ ವಸ್ತು ಕಾಣುವುದಕ್ಕೂ ಇರುವ ಈ ಅಂತರವನ್ನು ದಾಟುವುದೇ ಇಂದಿಗೂ ಕಷ್ಟದ ಕೆಲಸ.

ಅಮೆರಿಕದ ‘ಆರ್ಗಸ್ 2’ ಉಪಕರಣಕ್ಕೆ ಯೂರೋಪಿನಲ್ಲಿ 2011ರಲ್ಲಿಯೂ ಅಮೆರಿಕದಲ್ಲಿ 2013ರಲ್ಲಿಯೂ ಅನುಮತಿ ದೊರೆಯಿತು. ಕನ್ನಡಕದ ಮೇಲಿನ ಕ್ಯಾಮೆರಾ ಹಿಡಿದ ಚಿತ್ರವು ವಿದ್ಯುತ್ ಸ್ಪಂದನಗಳಾಗಿ ಮಾರ್ಪಟ್ಟು, ಅಕ್ಷಿಪಟಲದ ಒಳಮೈಗೆ ಪುಟ್ಟ ಮೊಳೆಯಿಂದ ಬಿಗಿದ 60 ವಿದ್ಯುದಗ್ರಗಳನ್ನು ತಲಪುತ್ತಿತ್ತು. 10 ಲಕ್ಷ ತಂತುಗಳೆಲ್ಲಿ, 60 ವಿದ್ಯುದಗ್ರಗಳೆಲ್ಲಿ! ಅದೂ ಅಲ್ಲದೆ, ದೂರದ ಕೋಶಗಳಿಂದ ಹೊರಟ ತಂತುಗಳು ಒಳಮೈಯ ಮೇಲೆಯೇ ಹಾದುಹೋಗುವುದರಿಂದ ಅವೂ ಪ್ರಚೋದಿತವಾಗುತ್ತವೆ. ಚುಕ್ಕೆ ಕಾಣಬೇಕಾದ ಕಡೆ ಗೀರು ಕಾಣುತ್ತದೆ. ಆದರೂ ಕೆಲವರು ಬಾಗಿಲನ್ನು, ಚಲನೆಯನ್ನು, ದೊಡ್ಡ ಅಕ್ಷರಗಳನ್ನು ಗುರುತಿಸಿದರು.

‘ಪ್ರೀಮಾ’ ಎಂಬ ತರುವಾಯದ ಉಪಕರಣವು ಅಕ್ಷಿಪಟಲದ ಅಡಿಯಲ್ಲಿ ಕುಳಿತು ದ್ವಿಧ್ರುವಕೋಶಗಳನ್ನು ಪ್ರಚೋದಿಸುತ್ತದೆ. ಉಳಿದ ಜಾಲವು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. 2 ಮಿಲಿಮೀಟರ್ ಚೌಕದ ಈ ಬಿಲ್ಲೆಯಲ್ಲಿ 378 ಘಟಕಗಳಿವೆ. ಕನ್ನಡಕವು ಬೀರುವ ಅವಕೆಂಪು ಕಿರಣವೇ ಅದಕ್ಕೆ ಚಿತ್ರವನ್ನೂ ಶಕ್ತಿಯನ್ನೂ ಒದಗಿಸುವುದರಿಂದ ತಂತಿ ಬೇಕಿಲ್ಲ. ಮುಪ್ಪಿನಲ್ಲಿ ನಡುದೃಷ್ಟಿಯನ್ನು ಕಳೆದುಕೊಂಡ 38 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ವರ್ಷದ ತರುವಾಯ ಪರೀಕ್ಷೆಗೆ ಬಂದ 32 ಮಂದಿಯಲ್ಲಿ 26 ಮಂದಿ ಉಪಕರಣದ ನೆರವಿನಿಂದ ಅಕ್ಷರಫಲಕದಲ್ಲಿ ಕನಿಷ್ಠ 10 ಅಕ್ಷರಗಳಷ್ಟು ಮುಂದುವರಿದಿದ್ದರು. ಇದು ಬಣ್ಣವಿಲ್ಲದ, ತಿಂಗಳುಗಟ್ಟಲೆ ಅಭ್ಯಾಸವನ್ನು ಬೇಡುವ ನೋಟ. ‘ದೃಷ್ಟಿ ಮರಳಿತು’ ಎಂಬ ಪತ್ರಿಕೆಗಳ ಉದ್ಗಾರ ಅತಿಯಾಯಿತು.

ಇನ್ನೊಂದು ಸಂಗತಿ ಪ್ರಯೋಗಶಾಲೆಯ ಹೊರಗಿನದು. ‘ಆರ್ಗಸ್ 2’ರ ತಯಾರಿಕೆ 2019ರಲ್ಲಿ ನಿಂತಿತು. ಅಷ್ಟರೊಳಗೆ 350ಕ್ಕೂ ಹೆಚ್ಚು ಮಂದಿ ಅದನ್ನು ಕಣ್ಣಿನೊಳಗೆ ಇರಿಸಿಕೊಂಡಿದ್ದರು. ಬಿಡಿಭಾಗವೊಂದು ಕೆಟ್ಟರೆ ಸರಿಪಡಿಸುವವರಿಲ್ಲದೆ, ಅವರಲ್ಲಿ ಕೆಲವರಿಗೆ ದೊರೆತಿದ್ದ ಬೆಳಕು ಮತ್ತೆ ನಂದಿತು.