ನಾಲ್ಕು ಚಕ್ರಗಳ ಚಾಲನೆ: ಹೆಚ್ಚುವರಿ ಬೆಲೆಗೆ ದೊರೆಯುವುದೇನು?

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ವರ್ತಕರ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಾರು. ಬೆಳಿಗ್ಗೆ ಬೀರೂರಿನ ಅಡಿಕೆ ಮಂಡಿಗೆ ಹೋಗುವುದೂ ಅದೇ, ತೆರಿಗೆ ಕಚೇರಿಯ ಕೆಲಸಕ್ಕೆಂದು ಬೆಂಗಳೂರಿಗೆ ಓಡುವುದೂ ಅದೇ, ರಜೆಯ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೆಮ್ಮಣ್ಣುಗುಂಡಿಯ ಏರು ಹತ್ತುವುದೂ ಅದೇ. ಇಂತಹ ಕಾರು ಚುರುಕಾಗಿರಬೇಕು, ಭದ್ರವಾಗಿರಬೇಕು, ತೋಟದ ದಾರಿಯಲ್ಲಿ ಕೈಕೊಡಬಾರದು ಎಂಬ ಅಪೇಕ್ಷೆ ಸಹಜವಾದುದು. ಮಾರಾಟ ಮಳಿಗೆಯಲ್ಲಿ ಈ ಮೂರೂ ಅಪೇಕ್ಷೆಗಳಿಗೆ ‘ಫೋರ್ ವೀಲ್ ಡ್ರೈವ್’ ಎಂಬ ಒಂದೇ ಉತ್ತರ ದೊರೆಯುವುದುಂಟು. ಅದರ ಬೆಲೆ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸು. ಆ ಹಣ ಕೊಡುವ ಮುನ್ನ ಈ ವ್ಯವಸ್ಥೆ ಮಾಡುವ ಕೆಲಸ ಯಾವುದು, ಮಾಡದ ಕೆಲಸ ಯಾವುದು ಎಂಬುದನ್ನು ವಿಂಗಡಿಸಿ ನೋಡುವುದು ಅಗತ್ಯ.

ಹಿಂದಿನ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ಎಳೆಯುವ ಪದ್ಧತಿಯನ್ನು ಮನೆಮನೆಗೆ ತಂದಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಎಂದರೆ ಮಲೆನಾಡಿನವರಿಗೆ ನೆನಪಾಗುತ್ತಿದ್ದುದು ಎಸ್ಟೇಟುಗಳ ಜೀಪು, ಆನಂತರ 1985ರ ಜಿಪ್ಸಿ. ಅದು ಕೆಸರಿನ ಸಾಧನವಾಗಿತ್ತೇ ಹೊರತು ವೇಗದ ಸಾಧನವಾಗಿರಲಿಲ್ಲ. 1980ರಲ್ಲಿ ಜರ್ಮನಿಯ ಆಡಿ ಸಂಸ್ಥೆಯು ‘ಕ್ವಾಟ್ರೋ’ ಕಾರನ್ನು ಹೊರತಂದು, ನಾಲ್ಕು ಚಕ್ರಗಳ ಚಾಲನೆಯನ್ನು ವೇಗಕ್ಕಾಗಿಯೇ ಬಳಸಬಹುದೆಂದು ರ‍್ಯಾಲಿಗಳಲ್ಲಿ ತೋರಿಸಿಕೊಟ್ಟಿತು.

ಈ ಎರಡು ಬಗೆಗಳು ಇಂದಿಗೂ ಬೇರೆ ಬೇರೆ. ಜೀಪು, ಜಿಪ್ಸಿ ಹಾಗೂ ಇಂದಿನ ಮಹೀಂದ್ರ ಥಾರ್‌ನಲ್ಲಿರುವುದು ಲಿವರ್ ಅಥವಾ ಗುಂಡಿಯಿಂದ ಬೇಕಾದಾಗ ಮಾತ್ರ ಹಾಕಿಕೊಳ್ಳುವ ವ್ಯವಸ್ಥೆ. ಅದನ್ನು ಹಾಕಿದೊಡನೆ ಮುಂದಿನ ಹಾಗೂ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಸಮವೇಗದಲ್ಲಿ ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಕೆಸರಿನಲ್ಲಿ ಈ ವ್ಯತ್ಯಾಸವನ್ನು ಟೈರುಗಳು ಜಾರಿ ಸರಿದೂಗಿಸಿಕೊಳ್ಳುತ್ತವೆ. ಒಣ ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲದೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದಲೇ ಅನುಭವಿ ಜೀಪು ಚಾಲಕರು ಟಾರು ರಸ್ತೆಗೆ ಬಂದೊಡನೆ ಲಿವರ್ ತೆಗೆಯುತ್ತಾರೆ. ಕುಟುಂಬದ ಕಾರುಗಳಲ್ಲಿ ಬರುವ ‘ಆಲ್ ವೀಲ್ ಡ್ರೈವ್’ ಹಾಗಲ್ಲ. ಅದರಲ್ಲಿ ಎರಡು ಜೊತೆ ಚಕ್ರಗಳ ನಡುವೆ ಡಿಫರೆನ್ಷಿಯಲ್ ಅಥವಾ ಗಣಕ ನಿಯಂತ್ರಿತ ಕ್ಲಚ್ ಇರುತ್ತದೆ. ಕ್ಲಚ್ ಇರುವ ಸಾಮಾನ್ಯ ಕಾರುಗಳು ಬಹುಪಾಲು ಸಮಯ ಮುಂದಿನ ಚಕ್ರಗಳ ಮೇಲೆಯೇ ಓಡಿ, ಅವು ಜಾರುವ ಸೂಚನೆ ಸಿಕ್ಕಾಗ ಶಕ್ತಿಯ ಒಂದು ಪಾಲನ್ನು ಹಿಂದಕ್ಕೆ ಕಳುಹಿಸುತ್ತವೆ.

ಹಿಡಿತದ ಲೆಕ್ಕ

ಟೈರು ನೆಲವನ್ನು ಎಷ್ಟು ಬಲದಿಂದ ತಳ್ಳಬಲ್ಲದು ಎಂಬುದು ಅದರ ಮೇಲಿರುವ ಭಾರ ಮತ್ತು ನೆಲದ ಹಿಡಿತ ಇವೆರಡರ ಗುಣಲಬ್ಧ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರೊಂದನ್ನು ತೆಗೆದುಕೊಳ್ಳಬಹುದು. ಎಂಟು ಅಡಿಗೆ ಒಂದು ಅಡಿ ಏರುವ ತೋಟದ ದಾರಿಯಲ್ಲಿ ಅದನ್ನು ಮೇಲಕ್ಕೆ ಎಳೆಯಲು 200 ಕಿಲೋ ಬಲ ಬೇಕು. ಚಕ್ರ ಮೃದು ಮಣ್ಣಿನಲ್ಲಿ ಹೂಳುವುದರಿಂದ ಇನ್ನೊಂದು 80 ಕಿಲೋ ಸೇರಿಸಿದರೆ ಒಟ್ಟು 280. ಒದ್ದೆ ಮಣ್ಣಿನ ಹಿಡಿತ ಭಾರದ ಹತ್ತರಲ್ಲಿ ಮೂರು ಪಾಲು ಎಂದಿಟ್ಟುಕೊಂಡರೆ, ಏರಿನಲ್ಲಿ ಮುಂದಿನ ಚಕ್ರಗಳ ಮೇಲೆ ಉಳಿಯುವ ಸುಮಾರು 800 ಕಿಲೋ ಭಾರಕ್ಕೆ ಸಿಗುವ ಬಲ 240 ಕಿಲೋ ಮಾತ್ರ. ಮುಂಚಕ್ರ ಚಾಲನೆಯ ಕಾರು ಅಲ್ಲಿಯೇ ನಿಲ್ಲುತ್ತದೆ. ಎಂಜಿನ್ನಿಗೆ ಎಷ್ಟೇ ಶಕ್ತಿ ಇದ್ದರೂ ಚಕ್ರ ಸುತ್ತುವುದೇ ಹೊರತು ಕಾರು ಕದಲದು. ನಾಲ್ಕೂ ಚಕ್ರಗಳು ತಳ್ಳಿದರೆ 480 ಕಿಲೋ ಬಲ ದೊರೆತು ಕಾರು ಸಲೀಸಾಗಿ ಏರುತ್ತದೆ.

ಇದೇ ಏರು ಒಣ ಡಾಂಬರಿನದಾದರೆ ಹಿಡಿತ ಹತ್ತರಲ್ಲಿ ಎಂಟು ಪಾಲಿಗೇರುತ್ತದೆ. ಮುಂದಿನ ಎರಡು ಚಕ್ರಗಳಿಗೇ 640 ಕಿಲೋ ಬಲ ಸಿಗುತ್ತದೆ. ಬೇಕಾಗಿರುವುದು 225ರ ಸುಮಾರು. ಇಲ್ಲಿ ಉಳಿದೆರಡು ಚಕ್ರಗಳು ಸುಮ್ಮನೆ ಹಿಂಬಾಲಿಸಿದರೆ ಸಾಕು. ನೂರು ಅಶ್ವಶಕ್ತಿಯ ಆಸುಪಾಸಿನ ಪೆಟ್ರೋಲ್ ಕಾರು ಮೊದಲ ಗೇರಿನಲ್ಲಿ ಕೂಡ ಒಣ ರಸ್ತೆಯ ಹಿಡಿತದ ಮಿತಿಯನ್ನು ಸಾಮಾನ್ಯವಾಗಿ ದಾಟಲಾರದು. ಅಂದರೆ ಹೆದ್ದಾರಿಯ ಚುರುಕುತನಕ್ಕಾಗಿ ಇಂತಹ ಕಾರಿಗೆ ನಾಲ್ಕು ಚಕ್ರಗಳ ಚಾಲನೆ ಹಾಕಿಸುವುದು ತೂಕವನ್ನು ಖರೀದಿಸಿದಂತೆಯೇ.

ಶಕ್ತಿ ಹೆಚ್ಚಿದಂತೆ ಲೆಕ್ಕ ಬದಲಾಗುತ್ತದೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕುಟುಂಬದ ವೇಗದ ಕಾರೆಂದು ಹೆಸರಾದುದು. ಭಾರತದಲ್ಲಿ 2017ರಲ್ಲಿ 230 ಅಶ್ವಶಕ್ತಿಯೊಂದಿಗೆ ಬಂದಾಗಲೂ, 2025ರಲ್ಲಿ 265 ಅಶ್ವಶಕ್ತಿಯೊಂದಿಗೆ ಮರಳಿದಾಗಲೂ ಅದಕ್ಕಿದ್ದುದು ಮುಂಚಕ್ರ ಚಾಲನೆಯೇ. ಆದರೆ ಈ ಮಟ್ಟದಲ್ಲಿ ಎರಡು ಚಕ್ರಗಳನ್ನು ಹದ್ದಿನಲ್ಲಿಡಲು ವಿದ್ಯುನ್ಮಾನ ನಿಯಂತ್ರಣದ ವಿಶೇಷ ಡಿಫರೆನ್ಷಿಯಲ್ ಬೇಕಾಯಿತು. 2021ರಿಂದ ಚೆನ್ನೈಯಲ್ಲಿ ಜೋಡಣೆಗೊಂಡ ಬಿಎಂಡಬ್ಲ್ಯು ಎಂ340ಐ ಕಾರಿನ ಶಕ್ತಿ 387. ಅದು ನಾಲ್ಕೂ ಚಕ್ರಗಳಿಗೆ ಹಂಚಿಕೆಯಾಗಿದೆ. ನಿಂತಲ್ಲಿಂದ ನೂರು ಕಿ.ಮೀ. ವೇಗ ತಲುಪಲು ತಯಾರಕರು ಹೇಳುವಂತೆ 2025ರ ಆಕ್ಟೇವಿಯಾ ಆರ್‌ಎಸ್‌ಗೆ 6.4 ಸೆಕೆಂಡು, ಎಂ340ಐಗೆ 4.4 ಸೆಕೆಂಡು. ಸ್ಥೂಲವಾಗಿ ಇನ್ನೂರೈವತ್ತು ಅಶ್ವಶಕ್ತಿಯ ಕೆಳಗೆ ಒಣ ರಸ್ತೆಯ ಓಟಕ್ಕೆ ಎರಡು ಚಕ್ರ ಸಾಕು, ಅದರ ಮೇಲೆ ನಾಲ್ಕು ಬೇಕು ಎನ್ನಬಹುದು.

ಸಡಿಲ ನೆಲದಲ್ಲಿ ಈ ಗೆರೆ ಬಹಳ ಕೆಳಗಿಳಿಯುತ್ತದೆ. ಇದಕ್ಕೆ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು 2016 ಮತ್ತು 2017ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆಯಿತು. ಆ ಎರಡೂ ವರ್ಷ ಚಾಂಪಿಯನ್ ಆದ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫೇಬಿಯಾ ಆರ್5 ಕಾರಿನ ಎಂಜಿನ್ ಕೇವಲ 1.6 ಲೀಟರಿನದು, ಟರ್ಬೊ ಸಹಿತ. ಅದರ ಚಾಲನೆ ನಾಲ್ಕು ಚಕ್ರಗಳದು. ಆದರೆ ರ‍್ಯಾಲಿಯ ಕಾರು ಮಣ್ಣಿನ ದಾರಿಗೆಂದೇ ತಯಾರಾದ ಟೈರುಗಳ ಮೇಲೆ ಓಡುತ್ತದೆ ಎಂಬುದನ್ನು ಮರೆಯಬಾರದು.

ಮೂರು ತಾಲ್ಲೂಕು, ಮೂರು ನೆಲ

ಕಡೂರಿನ ವರ್ತಕರ ಓಡಾಟ ಬಹುಪಾಲು ಶಿವಮೊಗ್ಗ–ಬೆಂಗಳೂರು ಹೆದ್ದಾರಿಯ ಮೇಲೆ. ಮಳೆ ಕಡಿಮೆ, ನೆಲ ಬಹುಮಟ್ಟಿಗೆ ಗಟ್ಟಿ. ಇಲ್ಲಿ ಎರಡು ಚಕ್ರಗಳ ಚಾಲನೆ ಸಾಲದೆಂದು ವಾದಿಸುವುದು ಕಷ್ಟ.

ತರೀಕೆರೆಯಿಂದ ಲಿಂಗದಹಳ್ಳಿಯ ಕಡೆಗೆ ಹೊರಟರೆ ವಿಷಯ ಬೇರೆ. ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ತಿರುವುಗಳು ಡಾಂಬರಿನವಾದರೂ ಮಳೆಗಾಲದಲ್ಲಿ ಎಲೆ, ಪಾಚಿ, ಕೊಚ್ಚಿಬಂದ ಮಣ್ಣು ಅವುಗಳ ಮೇಲಿರುತ್ತವೆ. ಈ ಭಾಗದಲ್ಲಿ ಅಡಿಕೆ, ಕಾಫಿ ತೋಟವಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಮೂರು ಬಾರಿ ಮಣ್ಣಿನ ಏರು ಹತ್ತಲೇಬೇಕಾದವರಿಗೆ ಮೇಲಿನ 240 ಮತ್ತು 480ರ ಅಂತರ ಕಾಗದದ ಮೇಲಿನ ಲೆಕ್ಕವಾಗಿ ಉಳಿಯುವುದಿಲ್ಲ. ಹಿಂಚಕ್ರ ಚಾಲನೆಯ ಇನ್ನೋವಾ ಕ್ರಿಸ್ಟಾ ತುಂಬಿದ ಜನರೊಂದಿಗೆ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿದು ಹಿಡಿತ ಹೆಚ್ಚುವುದನ್ನು ಬಳಕೆದಾರರು ಬಲ್ಲರು. ಬಿಡದಿಯ ಅದೇ ತಯಾರಕರು 2022ರಲ್ಲಿ ಹೊರತಂದ ಹೈಕ್ರಾಸ್‌ನಲ್ಲಿ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ತೋಟದವರು ಈ ಬದಲಾವಣೆಯನ್ನು ಗಮನಿಸುವುದು ಒಳಿತು.

ಅಜ್ಜಂಪುರದ ಎರೆಭೂಮಿ ಇವೆರಡಕ್ಕಿಂತ ಕಠಿಣ. ಈರುಳ್ಳಿ ಕಿತ್ತು ಸಾಗಿಸುವ ದಿನಗಳಲ್ಲಿ ಮಳೆ ಹಿಡಿದರೆ ಎರೆಮಣ್ಣು ಟೈರಿನ ಕಚ್ಚುಗಳಲ್ಲಿ ಮೆತ್ತಿಕೊಂಡು ನಾಲ್ಕೂ ಚಕ್ರಗಳು ನುಣುಪಾದ ಉರುಳೆಗಳಾಗುತ್ತವೆ. ರಸ್ತೆಯ ಟೈರು ಹಾಕಿದ ನಾಲ್ಕು ಚಕ್ರ ಚಾಲನೆಯ ಕಾರು ಎರಡು ಚಕ್ರದ ಕಾರಿಗಿಂತ ನೂರು ಗಜ ಮುಂದೆ ಹೋಗಿ ಸಿಕ್ಕಿಕೊಂಡೀತು, ಅಷ್ಟೇ. ಅಲ್ಲಿಂದ ಎಳೆದು ತರಲು ಟ್ರ್ಯಾಕ್ಟರು ನೂರು ಗಜ ಹೆಚ್ಚು ನಡೆಯಬೇಕಾಗುತ್ತದೆ.

ಇನ್ನು ಎಲ್ಲರಿಗೂ ಅನ್ವಯಿಸುವ ಒಂದು ಎಚ್ಚರಿಕೆ. ನಾಲ್ಕು ಚಕ್ರಗಳ ಚಾಲನೆ ಕಾರನ್ನು ಹೊರಡಿಸುತ್ತದೆ; ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇದೆ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಬ್ರೇಕು ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 50 ಮೀಟರಿನಲ್ಲಿ ನಿಲ್ಲುವ ಕಾರು, ಸವೆದ ಟೈರಿನೊಂದಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಅರ್ಧವಾದಾಗ ಸುಮಾರು 100 ಮೀಟರು ತೆಗೆದುಕೊಳ್ಳುತ್ತದೆ. ಚಾಲನೆ ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ ಎಂಬುದರಿಂದ ಈ ದೂರ ಕಡಿಮೆಯಾಗದು. ಅಷ್ಟೇ ಅಲ್ಲ, ನಾಲ್ಕು ಚಕ್ರಗಳ ಕಾರು ಒದ್ದೆ ತಿರುವಿನಿಂದ ಜಾರದೆ ಹೊರಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬ ಅರಿವೇ ಚಾಲಕನಿಗೆ ಆಗುವುದಿಲ್ಲ. ಮುಂದಿನ ತಿರುವಿಗೆ ಆತ ಇನ್ನಷ್ಟು ವೇಗವಾಗಿ ಹೋಗುತ್ತಾನೆ. ಕಾನೂನಿನ ಪ್ರಕಾರ ಕಾರಿನ ಟೈರಿನ ಕಚ್ಚು 1.6 ಮಿ.ಮೀ.ವರೆಗೆ ಸವೆಯಬಹುದು. ಮಲೆನಾಡಿನ ಮಳೆಗೆ ಅದನ್ನು ಮೂರು ಮಿ.ಮೀ.ಗೇ ಬದಲಿಸುವುದು ಜಾಣತನ, ಮತ್ತು ಅದಕ್ಕೆ ತಗಲುವ ವೆಚ್ಚ ಒಂದೂವರೆ ಲಕ್ಷಕ್ಕೆ ಹೋಲಿಸಿದರೆ ಅಲ್ಪ.

ಖರ್ಚಿನ ಬಾಬ್ತು

2022ರಲ್ಲಿ ಬಿಡುಗಡೆಯಾದ ಮಾರುತಿ ಗ್ರ್ಯಾಂಡ್ ವಿಟಾರಾ ಲೆಕ್ಕಕ್ಕೆ ಅನುಕೂಲವಾದ ಉದಾಹರಣೆ. ಅದರ ಅದೇ ಎಂಜಿನ್, ಮ್ಯಾನ್ಯುಯಲ್ ಗೇರಿನ ಕಾರಿಗೆ ಪ್ರಮಾಣಿತ ಮೈಲೇಜು ಎರಡು ಚಕ್ರಕ್ಕೆ ಲೀಟರಿಗೆ 21.11 ಕಿ.ಮೀ., ನಾಲ್ಕು ಚಕ್ರಕ್ಕೆ 19.38 ಕಿ.ಮೀ. ಇತ್ತು. ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ಸುಮಾರು 63 ಲೀಟರು ಹೆಚ್ಚು ಬೇಕು. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೆ 6,300 ರೂಪಾಯಿ. ಇದು ದೊಡ್ಡ ಮೊತ್ತವಲ್ಲ. ದೊಡ್ಡದು ಖರೀದಿಯ ವ್ಯತ್ಯಾಸ. ಜೀವಿತಾವಧಿ ರಸ್ತೆ ತೆರಿಗೆ ಬೆಲೆಯ ಶೇಕಡಾವಾರಾದ್ದರಿಂದ ಹೆಚ್ಚುವರಿ ಬೆಲೆಗೂ ತೆರಿಗೆ ಬೀಳುತ್ತದೆ. ಕಾರು ಮಾರುವ, ಬಾಡಿಗೆಗೆ ಓಡಿಸುವ, ಚಾಲನೆ ಕಲಿಸುವ ಉದ್ಯಮಗಳನ್ನು ಬಿಟ್ಟರೆ ಉಳಿದ ವರ್ತಕರಿಗೆ ಪ್ರಯಾಣಿಕ ಕಾರಿನ ಮೇಲೆ ಕೊಟ್ಟ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ಆದಾಯ ತೆರಿಗೆಯಲ್ಲಿ ಶೇ. 15ರ ಸವಕಳಿ ಮಾತ್ರ ಪಡೆಯಬಹುದು.

ಟೈರಿನ ಬಾಬ್ತನ್ನು ಬಹಳ ಮಂದಿ ಮರೆಯುತ್ತಾರೆ. ನಾಲ್ಕು ಚಕ್ರಗಳ ಚಾಲನೆಯಲ್ಲಿ ಟೈರುಗಳ ಸುತ್ತಳತೆ ಹೊಂದಿಕೆಯಾಗಿರಬೇಕು. ಮೂರು ಸವೆದ ಟೈರುಗಳ ಜೊತೆಗೆ ಒಂದು ಹೊಸದನ್ನು ಹಾಕಿದರೆ ಗಣಕವು ಅದನ್ನು ಜಾರುವಿಕೆಯೆಂದು ತಪ್ಪಾಗಿ ಗ್ರಹಿಸಿ ಕ್ಲಚ್ಚನ್ನು ಪದೇ ಪದೇ ಬಿಗಿಯಬಹುದು. ಕ್ಲಚ್ ಬಿಸಿಯಾಗಿ ಬೇಗ ಸವೆಯುತ್ತದೆ. ಒಂದು ಟೈರು ಕಲ್ಲಿಗೆ ಸೀಳಿದರೆ ಎರಡು, ಕೆಲವೊಮ್ಮೆ ನಾಲ್ಕು ಕೊಳ್ಳಬೇಕಾಗುತ್ತದೆ.

ವಿದ್ಯುತ್ ಕಾರುಗಳಲ್ಲಿ ಈ ಲೆಕ್ಕವೇ ಬದಲಾಗುತ್ತಿದೆ. ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ಅಲ್ಲಿಲ್ಲ. ಮುಂದೊಂದು, ಹಿಂದೊಂದು ಮೋಟಾರು ಇಟ್ಟರಾಯಿತು. 2025ರ ಟಾಟಾ ಹ್ಯಾರಿಯರ್ ಇವಿಯಲ್ಲಿ ಎರಡನೆಯ ಮೋಟಾರಿಗೆ ಬಿಡುಗಡೆಯ ವೇಳೆ ಹೆಚ್ಚು ಕೊಡಬೇಕಾದುದು ಸುಮಾರು ಒಂದೂವರೆ ಲಕ್ಷ. ತಯಾರಕರು ಹೇಳುವಂತೆ ಅದು ನೂರು ಕಿ.ಮೀ. ವೇಗ ತಲುಪುವುದು 6.3 ಸೆಕೆಂಡಿನಲ್ಲಿ. ಇಲ್ಲಿ ಅದೇ ಹಣಕ್ಕೆ ಹಿಡಿತದ ಜೊತೆಗೆ ಶಕ್ತಿಯೂ ಬರುತ್ತದೆ. ಆದರೂ ಇಂತಹ ಭಾರದ ಕಾರು ಕೆಮ್ಮಣ್ಣುಗುಂಡಿಯಿಂದ ಇಳಿಯುವಾಗ ಅದರ ಬ್ರೇಕು, ಟೈರುಗಳ ಮೇಲಿನ ಹೊರೆ ಹೆಚ್ಚೇ.

ಹಳೆಯ ನಾಲ್ಕು ಚಕ್ರ ಚಾಲನೆಯ ಕಾರನ್ನು ಕೊಳ್ಳುವವರು ಮೊದಲು ನಾಲ್ಕೂ ಟೈರುಗಳು ಒಂದೇ ತಯಾರಿಕೆಯವೇ, ಸಮನಾಗಿ ಸವೆದಿವೆಯೇ ಎಂದು ನೋಡಬೇಕು. ಆಮೇಲೆ ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಎರಡು ಸುತ್ತು ಹಾಕಿ, ಕೆಳಗಿನಿಂದ ಕಟಕಟ ಸದ್ದು ಅಥವಾ ಎಳೆತ ಬರುತ್ತದೆಯೇ ಎಂದು ಗಮನಿಸಬೇಕು. ಹಿಂದಿನ ಡಿಫರೆನ್ಷಿಯಲ್ಲಿನ ಎಣ್ಣೆ ಬದಲಿಸಿದ ದಾಖಲೆಯನ್ನು ಸರ್ವಿಸ್ ಪುಸ್ತಕದಲ್ಲಿ ಕೇಳಿ ನೋಡಬೇಕು.