ಪಾಳುಬಿದ್ದ ರೈಲುದಾರಿಯೂ ಉಣಕಲ್ಲಿನ ನಾಲೆಯೂ

ಬಳಸಿ ಬಿಟ್ಟ ನೆಲವನ್ನು ಒಂದು ನಗರವು ಹೇಗೆ ಕಾಣುತ್ತದೆ ಎಂಬುದರ ಮೇಲಿಂದ ಅದರ ಪೌರಪ್ರಜ್ಞೆಯನ್ನು ಅಳೆಯಬಹುದು. ಪ್ಯಾರಿಸ್ ನಗರದಲ್ಲಿ ಬಾಸ್ತೀಯ ನಿಲ್ದಾಣದ ರೈಲುದಾರಿಯು 1969ರಲ್ಲಿ ಮುಚ್ಚಿತು. ಕಮಾನುಗಳ ಮೇಲಿನ ಆ ದಾರಿಯನ್ನು ಕೆಡವದೆ, ಗಿಡಬಳ್ಳಿಗಳನ್ನು ನೆಡಿಸಿ, 1993ರಲ್ಲಿ ಜನರ ವಿಹಾರಕ್ಕೆ ತೆರೆದರು. ನ್ಯೂಯಾರ್ಕಿನಲ್ಲಿ 1934ರಿಂದ ಬೀದಿಗಳ ಮೇಲೆ ಸರಕುಗಾಡಿಗಳನ್ನು ಹೊತ್ತಿದ್ದ ಉಕ್ಕಿನ ದಾರಿಯ ಮೇಲೆ 1980ರಲ್ಲಿ ಕೊನೆಯ ಗಾಡಿ ಓಡಿತು. ಅದನ್ನು ಕೆಡವಬೇಕೆಂಬ ಕೂಗು ಎದ್ದಾಗ ನೆರೆಯ ಇಬ್ಬರು ನಾಗರಿಕರು 1999ರಲ್ಲಿ ಸಂಘ ಕಟ್ಟಿ ಉಳಿಸಿಕೊಂಡರು. 2009ರಲ್ಲಿ ಅದರ ಮೊದಲ ಭಾಗವು ಉದ್ಯಾನವಾಗಿ ತೆರೆಯಿತು.

ನಮ್ಮ ಹುಬ್ಬಳ್ಳಿಯು ರೈಲಿನಿಂದಲೇ ಬೆಳೆದ ಊರು. ಆದರೆ ಇಲ್ಲಿಯ ಹಳಿಗಳು ಪಾಳುಬಿದ್ದಿಲ್ಲ; 2023ರಲ್ಲಿ ಲೋಕಾರ್ಪಣೆಯಾದ 1,507 ಮೀಟರು ಉದ್ದದ ಪ್ಲ್ಯಾಟ್‌ಫಾರ್ಮೇ ಅದಕ್ಕೆ ಸಾಕ್ಷಿ. ಊರು ಬೆನ್ನು ತಿರುಗಿಸಿದ ಉದ್ದನೆಯ ಪಟ್ಟಿ ನಮ್ಮಲ್ಲಿ ಬೇರೆಯದೇ ಇದೆ. ಅದು ಉಣಕಲ್ ಕೆರೆಯಿಂದ ಹೊರಟು ನಗರದ ನಡುವೆ ಹರಿಯುವ ನಾಲೆ. ಅದರ ದಡದಲ್ಲಿ ಕಾಲುದಾರಿ, ಸೈಕಲ್ ದಾರಿ, ಗಿಡಮರಗಳನ್ನು ಮಾಡುವ ಹಸಿರು ಸಂಚಾರ ಪಥದ ಯೋಜನೆಯು, ಫ್ರೆಂಚ್ ಅಭಿವೃದ್ಧಿ ಸಂಸ್ಥೆಯ ನೆರವಿನ ಕೇಂದ್ರ ಕಾರ್ಯಕ್ರಮಕ್ಕೆ ದೇಶದಲ್ಲಿ ಆಯ್ಕೆಯಾದ 12 ಯೋಜನೆಗಳಲ್ಲಿ ಒಂದು. ಇದು ಸ್ವಾಗತಾರ್ಹವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೂ ಎರಡು ಮಾತುಗಳನ್ನು ನಾವು ಹೇಳಲೇಬೇಕಾಗಿದೆ. ಗಾಡಿ ನಿಂತ ಹಳಿಯು ನಿರ್ಜೀವವಾದದ್ದು. ಮಣ್ಣು ಹಾಕಿದರೆ ಹಸಿರಾಗುತ್ತದೆ. ನಾಲೆಯಾದರೋ ಜೀವಂತವಾದದ್ದು. ಊರಿನ ಕೊಳಚೆಯನ್ನೂ ಮಳೆಗಾಲದ ನೆರೆಯನ್ನೂ ಅದೇ ಹೊರುತ್ತದೆ. ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸದೆ, ನೆರೆಗೆ ಎಡೆಯಿಡದೆ ದಡಕ್ಕೆ ಹೂಗಿಡ ನೆಟ್ಟರೆ, ಹೊರಗೆ ಥಳಕು, ಒಳಗೆ ಹುಳುಕು ಎಂಬಂತಾದೀತು.

ಎರಡನೆಯದು ನ್ಯಾಯದ ಮಾತು. ನ್ಯೂಯಾರ್ಕಿನಲ್ಲಿ ಉದ್ಯಾನವು ಪ್ರಸಿದ್ಧವಾದಂತೆ ಸುತ್ತಲಿನ ಮನೆಗಳ ಬೆಲೆಯೂ ಏರಿತು. ಅದು ಹಳೆಯ ಬಡ ನಿವಾಸಿಗಳಿಗಿಂತ ಹೊರಗಿನ ಪ್ರವಾಸಿಗಳಿಗೇ ಹೆಚ್ಚು ಒದಗಿತೆಂಬ ಆಕ್ಷೇಪಣೆಯನ್ನು ಅದರ ಸ್ಥಾಪಕರಲ್ಲೊಬ್ಬರೇ ಮುಂದೆ ಒಪ್ಪಿಕೊಂಡರು. ನಾಲೆಯ ದುರ್ಗಂಧವನ್ನು ವರ್ಷಾನುವರ್ಷ ಸಹಿಸಿದವರು ಅದರ ದಡದ ಓಣಿಗಳ ಜನ. ನೆರಳು ಬಂದ ದಿನ ಮೊದಲು ಅಲ್ಲಿ ಕುಳಿತುಕೊಳ್ಳುವ ಅಧಿಕಾರವೂ ಅವರದೇ.

ಆದಕಾರಣ ಮಹಾನಗರ ಪಾಲಿಕೆಯ ಸದಸ್ಯರಲ್ಲಿಯೂ ಅಧಿಕಾರಿವರ್ಗದಲ್ಲಿಯೂ ನಮ್ಮ ವಿನಂತಿಯಿಷ್ಟೆ: ಆ ಓಣಿಗಳ ಜನರನ್ನು ಕೇಳಿ ಕೆಲಸ ನಡೆಸಿರಿ, ಪ್ರತಿವರ್ಷದ ಆಯವ್ಯಯದಲ್ಲಿ ನಾಲೆಯ ನಿರ್ವಹಣೆಗೆಂದು ಪ್ರತ್ಯೇಕ ಹಣ ತೆಗೆದಿಡಿರಿ. ಕಟ್ಟಲು ಪರದೇಶದ ನೆರವು ದೊರೆಯಬಹುದು. ಕಾಯುವ ಕೆಲಸವನ್ನು ನಮ್ಮ ಊರೇ ಮಾಡಬೇಕು.