ಗ್ವಾನಬಾರಾದ ಹಾಯಿಗಳು

ಆಟಗಳಲ್ಲೆಲ್ಲ ಹಾಯಿದೋಣಿಯ ಪಂದ್ಯ ಬಲು ಮೌನವಾದದ್ದು. ಅದರಲ್ಲಿ ಗೊರಸಿನ ಸದ್ದಿಲ್ಲ, ಯಂತ್ರದ ಆರ್ಭಟವಿಲ್ಲ. ದಡದಲ್ಲಿ ನಿಂತವರ ಕೂಗು ಆಡುವವರ ಕಿವಿಗೆ ಮುಟ್ಟುವುದೂ ಅಪರೂಪ. ಕಣ್ಣಿಗೆ ಕಾಣದ ಗಾಳಿಯನ್ನು ಬಟ್ಟೆಯಲ್ಲಿ ಹಿಡಿದು, ಕಾಲೂರಲು ಬಾರದ ನೀರಿನ ಮೇಲೆ ಹಾದಿ ಮಾಡಿಕೊಂಡು ಸಾಗುವ ಈ ವಿದ್ಯೆಯಲ್ಲಿ ಬಲಕ್ಕಿಂತ ಬುದ್ಧಿಗೆ, ಬುದ್ಧಿಗಿಂತ ತಾಳ್ಮೆಗೆ ಹೆಚ್ಚಿನ ಬೆಲೆ. ಇನ್ನೊಂದು ವಿಶೇಷವೂ ಉಂಟು. ಬೇರೆ ಆಟಗಳ ಅಂಗಣವನ್ನು ಮನುಷ್ಯ ತಾನೇ ಸಿದ್ಧಪಡಿಸುತ್ತಾನೆ. ಹುಲ್ಲು ಬೆಳೆಸುತ್ತಾನೆ, ಮಣ್ಣು ಹದಮಾಡುತ್ತಾನೆ, ಗೆರೆ ಎಳೆಯುತ್ತಾನೆ. ಹಾಯಿದೋಣಿಯ ಅಂಗಣವನ್ನು ಕಟ್ಟಿದವರು ಯಾರೂ ಇಲ್ಲ. ಕಟ್ಟುವ ಶಕ್ತಿ ನಮಗಿಲ್ಲದಿದ್ದರೂ ಕೆಡಿಸುವ ಶಕ್ತಿ ಧಾರಾಳವಾಗಿದೆ ಎಂಬುದಕ್ಕೆ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಗ್ವಾನಬಾರಾ ಕೊಲ್ಲಿ ಒಂದು ದೊಡ್ಡ ನಿದರ್ಶನ. ೨೦೧೬ರ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿದೋಣಿಯ ಪಂದ್ಯಗಳು ನಡೆದದ್ದು ಆ ಕೊಲ್ಲಿಯಲ್ಲಿ ಮತ್ತು ಅದರ ಬಾಗಿಲ ಹೊರಗಿನ ಕಡಲಿನಲ್ಲಿ.

ಕಥೆಗೆ ಹೋಗುವ ಮುನ್ನ ದೋಣಿಯ ವಿಷಯ ಸ್ವಲ್ಪ ಹೇಳಬೇಕು. ಬೆನ್ನ ಹಿಂದಿನಿಂದ ಗಾಳಿ ಬೀಸಿದಾಗ ದೋಣಿ ಮುಂದೆ ಹೋಗುವುದು ಸೋಜಿಗವಲ್ಲ. ಗಾಳಿ ಎದುರಿನಿಂದ ಬೀಸುವಾಗಲೂ ಅದು ಮುಂದೆ ಹೋಗುವುದು ಸೋಜಿಗ. ನೇರವಾಗಿ ಹೋಗಲಾರದು, ನಿಜ. ಬೆಟ್ಟದ ದಾರಿಯಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತ ಗಾಳಿಯ ಇದಿರು ಏರುತ್ತದೆ. ಹೀಗೆ ಸಾಗುವಾಗ ದೋಣಿ ಪಕ್ಕಕ್ಕೆ ಜಾರಿಹೋಗದಂತೆ ತಡೆಯುವುದು ಅದರ ಹೊಟ್ಟೆಯಡಿಯಲ್ಲಿ ನೀರೊಳಕ್ಕೆ ಇಳಿದಿರುವ ತೆಳುವಾದ ಒಂದು ಹಲಗೆ. ಹಿಂಬದಿಯಲ್ಲಿ ಚುಕ್ಕಾಣಿ. ಇವೆರಡರ ಮೈಮೇಲೆ ನೀರು ನುಣುಪಾಗಿ ಹರಿದರೆ ಮಾತ್ರ ದೋಣಿಗೆ ಓಟ. ಈಗ ಅಂಗಡಿಯಿಂದ ತರಕಾರಿ ತಂದು ಎಸೆದ ಪ್ಲಾಸ್ಟಿಕ್ ಚೀಲವೊಂದು ತೇಲಿಬಂದು ಆ ಹಲಗೆಗೆ ಸುತ್ತಿಕೊಂಡಿತೆನ್ನಿ. ಓಡುವವನ ಕಾಲಿಗೆ ಪಂಚೆಯ ಅಂಚು ತೊಡರಿಕೊಂಡಂತೆ ಆಯಿತು. ಅದನ್ನು ಬಿಡಿಸಬೇಕಾದರೆ ಹಲಗೆಯನ್ನು ಮೇಲಕ್ಕೆತ್ತಬೇಕು. ಇಲ್ಲವೆ ದೋಣಿಯ ಮೂತಿಯನ್ನು ಗಾಳಿಗೆ ಒಡ್ಡಿ ಅದನ್ನು ಹಿಂದಕ್ಕೆ ಜಾರಿಸಬೇಕು. ವರ್ಷಗಟ್ಟಲೆ ಪಟ್ಟ ಶ್ರಮ ಆ ಅರ್ಧ ನಿಮಿಷದಲ್ಲಿ ನೀರಿನ ಪಾಲು.

ಇನ್ನು ಗ್ವಾನಬಾರಾ. ೧೫೦೨ರ ಜನವರಿ ತಿಂಗಳಲ್ಲಿ ಪೋರ್ಚುಗೀಸ್ ನಾವಿಕರು ಇಲ್ಲಿಗೆ ಬಂದಾಗ ಇದನ್ನು ಒಂದು ಮಹಾನದಿಯ ಅಳಿವೆಯೆಂದು ಬಗೆದು ‘ಜನವರಿಯ ನದಿ’ ಎಂದು ಹೆಸರಿಟ್ಟರೆಂದು ಪ್ರತೀತಿ. ರಿಯೊ ಡಿ ಜನೈರೊ ಎಂದರೆ ಅದೇ ಅರ್ಥ. ಅಲ್ಲಿ ಅಂಥ ಮಹಾನದಿ ಇಲ್ಲ. ಇರುವುದು ಸುಮಾರು ೩೮೦ ಚದರ ಕಿಲೋಮೀಟರಿನ ವಿಶಾಲವಾದ ಕೊಲ್ಲಿ. ಸುಮಾರು ಒಂದೂವರೆ ಕಿಲೋಮೀಟರು ಅಗಲದ ಬಾಗಿಲು ಅದಕ್ಕೆ. ಆ ಬಾಗಿಲಲ್ಲಿ ಕಾವಲುಗಾರನಂತೆ ನಿಂತಿರುವುದು ೩೯೬ ಮೀಟರು ಎತ್ತರದ ‘ಸಕ್ಕರೆಯ ಗಡ್ಡೆ’ ಎಂಬ ಕಲ್ಲುಗುಡ್ಡ. ಆದರೂ ಆ ತಪ್ಪು ಹೆಸರಿನಲ್ಲಿ ಒಂದು ಸತ್ಯ ಅಡಗಿದೆ. ಐವತ್ತಕ್ಕೂ ಹೆಚ್ಚು ಹೊಳೆ ತೊರೆಗಳು ಸುತ್ತಲಿನ ಬೆಟ್ಟಗಳಿಂದ ಇಳಿದು ಈ ಕೊಲ್ಲಿಯನ್ನು ಸೇರುತ್ತವೆ. ಅವುಗಳ ದಡಗಳಲ್ಲಿ ಎಂಬತ್ತು ಲಕ್ಷಕ್ಕೂ ಮೀರಿದ ಜನ ವಾಸವಾಗಿದ್ದಾರೆ. ಬಹುಪಾಲು ಬಡವರು, ಅವರ ಕೇರಿಗಳಲ್ಲಿ ಅನೇಕ ಕಡೆ ಒಳಚರಂಡಿಯಿಲ್ಲ, ಕಸ ಒಯ್ಯುವ ಬಂಡಿ ಇಕ್ಕಟ್ಟಾದ ಓಣಿಗಳಿಗೆ ನುಗ್ಗುವುದಿಲ್ಲ. ಮನೆಯ ಕಸಕ್ಕೆ ಹೊಳೆಯೇ ಗತಿ. ಒಂದು ಜೋರು ಮಳೆ ಬಂದರೆ ಸಾಕು, ಆರು ತಿಂಗಳಿಂದ ಮೋರಿಗಳಲ್ಲಿ ಕುಳಿತಿದ್ದ ಬಾಟಲಿ, ಚೀಲ, ಚಪ್ಪಲಿ, ಗೊಂಬೆ, ಕುರ್ಚಿಯ ಕಾಲು ಎಲ್ಲವೂ ಮೆರವಣಿಗೆ ಹೊರಟು ಕೊಲ್ಲಿಗೆ ಬಂದು ಸೇರುತ್ತವೆ. ೧೯೭೮ರಿಂದ ೨೦೧೨ರ ವರೆಗೆ ಲ್ಯಾಟಿನ್ ಅಮೆರಿಕದ ಅತಿ ದೊಡ್ಡ ಕಸದ ಗುಡ್ಡೆಗಳಲ್ಲಿ ಒಂದಾಗಿದ್ದ ಗ್ರಮಾಷೊ ಇದ್ದದ್ದು ಇದೇ ಕೊಲ್ಲಿಯ ಅಂಚಿನ ಜೌಗು ನೆಲದಲ್ಲಿ.

ಈ ಸ್ಥಿತಿಯನ್ನು ಸರಿಪಡಿಸುವ ಯತ್ನ ನಡೆಯಲಿಲ್ಲವೆಂದಲ್ಲ. ೧೯೯೨ರ ಭೂಶೃಂಗಸಭೆ ಸೇರಿದ್ದು ರಿಯೊದಲ್ಲಿಯೇ. ಜಗತ್ತಿನ ನಾಯಕರು ಭೂಮಿಯ ಆರೋಗ್ಯವನ್ನು ಕುರಿತು ಮಾತನಾಡಿ ಹೋದ ಮೇಲೆ, ಅಂತರರಾಷ್ಟ್ರೀಯ ಸಾಲದ ನೆರವಿನಿಂದ ಕೊಲ್ಲಿಯ ಶುದ್ಧೀಕರಣಕ್ಕೆ ದೊಡ್ಡ ಯೋಜನೆಯೊಂದು ಹೊರಟಿತು. ಶುದ್ಧೀಕರಣದ ಸ್ಥಾವರಗಳು ಎದ್ದವು. ಆದರೆ ಮನೆಗಳಿಂದ ಸ್ಥಾವರಕ್ಕೆ ಕೊಳಚೆಯನ್ನು ಒಯ್ಯಬೇಕಾದ ಕೊಳವೆಗಳ ಜಾಲ ಪೂರ್ತಿಯಾಗಲಿಲ್ಲ. ಸ್ಥಾವರಗಳು ಅರೆಹೊಟ್ಟೆಯಲ್ಲಿ ನಿಂತವು. ಕೊಳಚೆ ಎಂದಿನಂತೆ ಹೊಳೆ ಹಿಡಿದು ಹೋಯಿತು. ಕಟ್ಟಡ ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ನಿಂತು ಭಾಷಣ ಮಾಡಬಹುದು. ನೆಲದಡಿಯ ಕೊಳವೆಗೆ ಹಾರ ಹಾಕುವವರಾರು?

೨೦೦೯ರ ಅಕ್ಟೋಬರಿನಲ್ಲಿ ರಿಯೊ ನಗರಕ್ಕೆ ಒಲಿಂಪಿಕ್ ಕ್ರೀಡೆ ದೊರೆಯಿತು. ಕ್ರೀಡೆಯನ್ನು ಬೇಡುವಾಗ ನಗರ ಕೊಟ್ಟ ವಚನಗಳಲ್ಲಿ ಒಂದು, ೨೦೧೬ರೊಳಗೆ ಕೊಲ್ಲಿಗೆ ಹರಿಯುವ ಕೊಳಚೆಯಲ್ಲಿ ಶೇಕಡ ೮೦ರಷ್ಟನ್ನು ಶುದ್ಧಗೊಳಿಸುವುದು. ಅದು ಈಡೇರುವುದಿಲ್ಲವೆಂದು ಅಧಿಕಾರಿಗಳೇ ಕ್ರೀಡೆಗೆ ಮುಂಚೆ ಒಪ್ಪಿಕೊಳ್ಳಬೇಕಾಯಿತು. ಅಭ್ಯಾಸಕ್ಕೆಂದು ಬಂದ ಪರದೇಶದ ನಾವಿಕರು ನೀರಿನಲ್ಲಿ ತೇಲುವ ಪೀಠೋಪಕರಣಗಳನ್ನೂ ಸತ್ತ ಪ್ರಾಣಿಗಳನ್ನೂ ಕಂಡು ದಂಗಾದರು. ೨೦೧೫ರ ಪೂರ್ವಸಿದ್ಧತೆಯ ಪಂದ್ಯಗಳಾದ ಮೇಲೆ ಜರ್ಮನಿಯ ಎರಿಕ್ ಹೈಲ್ ಎಂಬ ನಾವಿಕರ ಕಾಲಿಗೆ, ಮದ್ದಿಗೆ ಸುಲಭವಾಗಿ ಬಗ್ಗದ ಸೋಂಕು ತಗುಲಿ ಅವರು ಆಸ್ಪತ್ರೆ ಸೇರಿದರು; ಅದಕ್ಕೆ ಕೊಲ್ಲಿಯ ನೀರೇ ಕಾರಣವೆಂದು ಅವರು ನಂಬಿದರು. ಅದೇ ಹೈಲ್ ಮರುವರ್ಷ ಅದೇ ನೀರಿಗೆ ಮರಳಿ ಬಂದು ಜೊತೆಗಾರನೊಡನೆ ಕಂಚಿನ ಪದಕ ಗೆದ್ದರು. ಆಟಗಾರನ ಛಲಕ್ಕೆ ತಲೆಬಾಗೋಣ. ಆದರೆ ಆಟವಾಡಲು ಬಂದವನು ಇಂಥ ಛಲವನ್ನು ತೋರಬೇಕಾಗಿ ಬಂದದ್ದಕ್ಕೆ ತಲೆತಗ್ಗಿಸಲೂ ಬೇಕು.

ಕೊನೆಗೆ ಮಾಡಿದ್ದೇನು? ಹೊಳೆಗಳ ಬಾಯಿಗೆ ತೇಲುವ ತಡೆಗಳನ್ನು ಕಟ್ಟಿದರು. ಕಸ ಹೆಕ್ಕುವ ದೋಣಿಗಳನ್ನು ಬಿಟ್ಟರು. ಯಾವ ಕಡೆ ಕಸದ ಗುಂಪು ತೇಲಿಬರುತ್ತಿದೆಯೆಂದು ಮೇಲಿನಿಂದ ನೋಡಿ ಹೇಳಲು ಹೆಲಿಕಾಪ್ಟರುಗಳು ಹಾರಿದವು. ಮದುವೆಯ ದಿನ ಮನೆಯ ಮುಂಭಾಗಕ್ಕೆ ಸುಣ್ಣ ಬಳಿದಂತೆ ಪಂದ್ಯದ ಪಥಗಳು ಚೊಕ್ಕಟವಾದವು. ಆ ಆಗಸ್ಟಿನ ಕೆಲವು ರಾತ್ರಿ ದೂರದರ್ಶನದ ಮುಂದೆ ಕುಳಿತು ನಾನು ಆ ಪಂದ್ಯಗಳನ್ನು ನೋಡಿದೆ. ತೆರೆಯ ಮೇಲೆ ಕಂಡದ್ದು ನೀಲಿಯ ನೀರು, ಹಿಂದೆ ಕಲ್ಲುಗುಡ್ಡ, ಅದರ ಮುಂದೆ ಹಕ್ಕಿಗಳಂತೆ ಬಾಗಿ ಏಳುವ ಹಾಯಿಗಳು. ಅದು ಸುಂದರವಾಗಿತ್ತೆಂಬುದನ್ನು ಅಲ್ಲಗಳೆಯಲಾರೆ.

ಆಗಸ್ಟ್ ೧೮ರಂದು ಮಹಿಳೆಯರ ‘ಫಾರ್ಟಿನೈನರ್ ಎಫ್.ಎಕ್ಸ್.’ ದೋಣಿಗಳ ಕೊನೆಯ ಓಟ. ನಾಲ್ಕು ದೋಣಿಗಳ ಅಂಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಅವುಗಳಲ್ಲಿ ಮುಂದೆ ಬಂದ ದೋಣಿಗೆ ಚಿನ್ನ. ಬ್ರೆಜಿಲಿನ ಮಾರ್ಟಿನೆ ಗ್ರೇಲ್ ಮತ್ತು ಕಹೇನಾ ಕುಂಝೆ ನ್ಯೂಜಿಲೆಂಡಿನ ದೋಣಿಗಿಂತ ಎರಡೇ ಸೆಕೆಂಡು ಮೊದಲು ಗುರಿ ದಾಟಿದರು. ಅದಕ್ಕೆ ಎರಡು ದಿನ ಮುಂಚೆ ಇನ್ನೊಂದು ಬಗೆಯ ದೋಣಿಯಲ್ಲಿ ಆರ್ಜೆಂಟೀನದ ಸಾಂಟಿಯಾಗೊ ಲಾಂಗೆ, ಸೆಸಿಲಿಯಾ ಕಾರಾಂಜಾ ಅವರೊಡನೆ ಒಂದೇ ಅಂಕದ ಅಂತರದಲ್ಲಿ ಗೆದ್ದಿದ್ದರು. ಲಾಂಗೆಗೆ ಆಗ ೫೪ ವರ್ಷ. ಹಿಂದಿನ ವರ್ಷವಷ್ಟೇ ಅರ್ಬುದರೋಗದಿಂದ ಶ್ವಾಸಕೋಶದ ಒಂದು ಭಾಗವನ್ನು ಕಳೆದುಕೊಂಡಿದ್ದವರು. ಎರಡು ಸೆಕೆಂಡು, ಒಂದು ಅಂಕ! ಆ ದಿನ ಆ ಹಲಗೆಗಳಿಗೆ ಒಂದು ಚೀಲ ಸುತ್ತಿಕೊಂಡಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು.

ಈ ಕಥೆಯನ್ನು ಒಮ್ಮೆ ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: “ಪಂದ್ಯ ಸಾಂಗವಾಗಿ ನಡೆಯಿತು, ಪದಕಗಳೂ ಹಂಚಿಹೋದವು. ಹಾಗಾದರೆ ಗುಡಿಸಿದ್ದು ಸಾಕಾಯಿತೆಂದೇ ಅರ್ಥವಲ್ಲವೆ?” ಪ್ರಶ್ನೆ ಒಳ್ಳೆಯದು. ಪಂದ್ಯಕ್ಕೆ ಸಾಕಾಯಿತು, ಕೊಲ್ಲಿಗೆ ಸಾಕಾಗಲಿಲ್ಲ ಎಂಬುದೇ ಅದಕ್ಕೆ ಉತ್ತರ. ನಾವಿಕರಿಗೆ ಆ ನೀರು ಎರಡು ವಾರದ ಅಂಗಣ. ದಡದ ಬೆಸ್ತರಿಗೆ ಅದು ಹೊಲ. ಕೇರಿಯ ಮಕ್ಕಳಿಗೆ ಅದು ಹಿತ್ತಲು. ಹಾಯಿಗಳು ಪೆಟ್ಟಿಗೆ ಸೇರಿ ಊರಿಗೆ ಹೋದವು. ಬೆಸ್ತನ ಬಲೆ ಅಲ್ಲೇ ಉಳಿಯಿತು, ಮೀನಿನೊಡನೆ ಚೀಲವನ್ನೂ ಎಳೆಯುತ್ತ.

ಗುಡಿಸುವುದರ ಮಿತಿಯನ್ನು ಪ್ಲಾಸ್ಟಿಕ್ಕಿನ ಗುಣವೇ ತಿಳಿಸುತ್ತದೆ. ಚೀಲಕ್ಕೆ ಬಳಸುವ ಪಾಲಿಥೀನ್ ನೀರಿಗಿಂತ ಹಗುರ, ಅದು ತೇಲುತ್ತದೆ. ನೀರಿನ ಬಾಟಲಿಗೆ ಬಳಸುವ ವಸ್ತು ನೀರಿಗಿಂತ ಭಾರ. ಮುಚ್ಚಳ ಭದ್ರವಾಗಿದ್ದರೆ ಒಳಗಿನ ಗಾಳಿಯಿಂದ ಬಾಟಲಿ ತೇಲೀತು, ಇಲ್ಲವಾದರೆ ತಳ ಸೇರುತ್ತದೆ. ತೇಲುವ ಚೀಲವೂ ಪಾಚಿ, ಚಿಪ್ಪುಗಳು ಅಂಟಿ ಭಾರವಾದ ಮೇಲೆ ಮುಳುಗುತ್ತದೆ. ಬಿಸಿಲಿಗೆ ಸಿಡುಕಾಗಿ ಅಲೆಗೆ ಸಿಕ್ಕಿ ಒಡೆದದ್ದು ಚೂರಾಗಿ, ಚೂರು ಕಣವಾಗಿ ಉಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹೀಗಿರುವಾಗ ನೀರಿನ ಮೇಲ್ಮೈಯನ್ನು ಗುಡಿಸಿ ಕೊಲ್ಲಿ ಶುದ್ಧವಾಯಿತೆಂದರೆ, ಪುಸ್ತಕದ ಹೊದಿಕೆಯನ್ನು ಒರೆಸಿ ಒಳಗಿನ ತಪ್ಪು ತಿದ್ದಿತೆಂದಂತೆ. ಕಸವನ್ನು ಹಿಡಿಯಬೇಕಾದರೆ ಅದು ಇನ್ನೂ ದೊಡ್ಡದಾಗಿ, ಒಟ್ಟಾಗಿ, ಹೊಳೆಯಲ್ಲಿರುವಾಗಲೇ ಹಿಡಿಯಬೇಕು. ಹೊಳೆಗೆ ಬೀಳುವ ಮುನ್ನ ಹಿಡಿದರೆ ಇನ್ನೂ ಲೇಸು.

ಅಮೆರಿಕದ ಬಾಲ್ಟಿಮೋರ್ ಬಂದರಿನ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಲ್ಲಿ ಜೋನ್ಸ್ ಫಾಲ್ಸ್ ಎಂಬ ಹೊಳೆ ಬಂದರಿಗೆ ಬೀಳುವ ಕಡೆ ೨೦೧೪ರಲ್ಲಿ ಒಂದು ಯಂತ್ರವನ್ನು ನಿಲ್ಲಿಸಿದರು. ಹಳೆಯ ಕಾಲದ ಹಿಟ್ಟಿನ ಗಿರಣಿಯ ನೀರುಚಕ್ರದಂಥದೇ ಚಕ್ರ; ಹೊಳೆಯ ಸೆಳೆತವೇ ಅದನ್ನು ತಿರುಗಿಸುತ್ತದೆ, ಸೆಳೆತ ಸಾಲದಾದಾಗ ಬಿಸಿಲಿನ ವಿದ್ಯುತ್ತು ನೆರವಾಗುತ್ತದೆ. ತೇಲಿಬಂದ ಕಸ ತಡೆಗೆ ಸಿಕ್ಕಿ, ಉರುಳುವ ಪಟ್ಟಿಯ ಮೇಲೇರಿ ತೊಟ್ಟಿಗೆ ಬೀಳುತ್ತದೆ. ಕಸ ತಂದ ಹೊಳೆಯಿಂದಲೇ ಕಸ ಎತ್ತಿಸುವ ಈ ಉಪಾಯದಲ್ಲಿ ಒಂದು ನ್ಯಾಯವಿದೆ! ಅದಕ್ಕೆ ಎರಡು ದೊಡ್ಡ ಕಣ್ಣುಗಳನ್ನು ಅಂಟಿಸಿ ಊರಿನವರು ಪ್ರೀತಿಯಿಂದ ಹೆಸರಿಟ್ಟು ಕರೆಯುತ್ತಾರೆ. ಆದರೆ ಆ ಚಕ್ರದ ನಿಜವಾದ ಉಪಕಾರ ಎತ್ತಿದ್ದಕ್ಕಿಂತ ಎಣಿಸಿದ್ದರಲ್ಲಿದೆ. ಯಾವ ಬಗೆಯ ಕಸ ಎಷ್ಟು ಬಂತೆಂಬ ಲೆಕ್ಕ ಊರಿಗೆ ತಿಳಿಯಿತು. ತಿಂಡಿ ಕಟ್ಟಿಕೊಡುವ ನೊರೆಪ್ಲಾಸ್ಟಿಕ್ಕಿನ ಡಬ್ಬಿಗಳನ್ನು ೨೦೧೯ರಲ್ಲಿ ಆ ನಗರ ನಿಷೇಧಿಸಿತು. ನೀರಿನ ಬಾಯಲ್ಲಿ ಬರೆದ ಲೆಕ್ಕ ಅಂಗಡಿಯ ಕಟ್ಟೆಯ ವರೆಗೆ ಹಿಂದಕ್ಕೆ ಹೋಗಿ ಮುಟ್ಟಿತು.

ಮತ್ತೆ ಗ್ವಾನಬಾರಾಕ್ಕೆ ಬರೋಣ. ಎರಡು ಸೆಕೆಂಡಿನಲ್ಲಿ ಗೆದ್ದ ಮಾರ್ಟಿನೆಯ ತಂದೆ ಟೋರ್ಬೆನ್ ಗ್ರೇಲ್ ಐದು ಒಲಿಂಪಿಕ್ ಪದಕಗಳ ಒಡೆಯರು. ಚಿಕ್ಕಪ್ಪ ಲಾರ್ಸ್ ಎರಡು ಕಂಚು ಗೆದ್ದವರು. ೧೯೯೮ರಲ್ಲಿ ಯಂತ್ರದೋಣಿಯೊಂದು ಬಂದು ಬಡಿದು ಒಂದು ಕಾಲನ್ನು ಕಳೆದುಕೊಂಡರು. ಅದೇ ವರ್ಷ ಈ ಸೋದರರು, ಟೋರ್ಬೆನ್ನರ ಜೊತೆಗಾರ ಮಾರ್ಸೆಲೊ ಫೆರೇರಾ ಅವರೊಡಗೂಡಿ, ಕೊಲ್ಲಿಯ ಮೂಡುದಡದ ನಿಟೆರೋಯ್ ಪಟ್ಟಣದಲ್ಲಿ ಒಂದು ಶಾಲೆಯನ್ನು ತೆರೆದಿದ್ದರು. ಅಲ್ಲಿ ಸರಕಾರಿ ಶಾಲೆಗಳ ಮಕ್ಕಳಿಗೆ ಹಾಯಿ ಕಟ್ಟುವುದನ್ನು, ದೋಣಿ ನಡೆಸುವುದನ್ನು, ದೋಣಿ ದುರಸ್ತಿಯನ್ನು ಕಲಿಸುತ್ತಾರೆ. ನೀರಿನ ಕಸ ಹೆಕ್ಕುವುದೂ ಪಾಠದ ಭಾಗ. ಇನ್ನೊಬ್ಬ ಸೋದರ ಆಕ್ಸೆಲ್ ಪರಿಸರ ರಕ್ಷಣೆಯ ಕೆಲಸಕ್ಕೆ ತೊಡಗಿ, ೨೦೨೧ರಿಂದ ೨೦೨೪ರ ವರೆಗೆ ಆ ಪಟ್ಟಣದ ಮೇಯರಾಗಿದ್ದರು. ಒಂದೇ ಮನೆಯಲ್ಲಿ ಹಾಯಿಯೂ ಪೊರಕೆಯೂ ಜೊತೆಗೆ ಬೆಳೆದದ್ದು ಆಕಸ್ಮಿಕವಲ್ಲ. ದೋಣಿಯಲ್ಲಿ ಹೋಗುವವನಿಗೆ ನೀರು ದೂರದ ನೋಟವಲ್ಲ; ಅವನ ಅಂಗೈಗೆ, ಚುಕ್ಕಾಣಿಯ ನಡುಕದ ಮೂಲಕ, ಅದರ ಆರೋಗ್ಯ ತಿಳಿಯುತ್ತದೆ. ನಾವಿಕರು ತಮ್ಮ ಸ್ಪರ್ಧೆಯ ನಿಯಮಾವಳಿಯಲ್ಲಿಯೇ ೨೦೧೩ರಿಂದ ಒಂದು ಕಟ್ಟಳೆ ಸೇರಿಸಿಕೊಂಡಿದ್ದಾರೆ: ಸ್ಪರ್ಧಿ ಬೇಕೆಂದು ನೀರಿಗೆ ಕಸ ಎಸೆಯಕೂಡದು, ಎಸೆದರೆ ಶಿಕ್ಷೆಯುಂಟು. ಮುಂದೆ ಓಡುವವನನ್ನು ತಡೆದರೆ ಹೇಗೆ ಅಪರಾಧವೊ, ಓಡುವ ನೀರನ್ನು ಕೆಡಿಸಿದರೂ ಹಾಗೆಯೇ ಅಪರಾಧ. ಆಟದ ನೀತಿಗೆ ಇದಕ್ಕಿಂತ ಒಳ್ಳೆಯ ವಿಸ್ತರಣೆಯನ್ನು ನಾನು ಕಂಡಿಲ್ಲ.

ಕೊಲ್ಲಿ ಇನ್ನೂ ಗುಣವಾಗಿಲ್ಲ. ೨೦೨೧ರಲ್ಲಿ ಒಳಚರಂಡಿಯ ಹೊಣೆ ಹೊಸ ಕೈಗಳಿಗೆ ಹೋದ ಬಳಿಕ, ಪದಕದ ಓಟಗಳು ನಡೆದ ಕಡೆಯ ಫ್ಲಾಮೆಂಗೊ ದಂಡೆಯ ನೀರು ಹಿಂದಿಗಿಂತ ಹೆಚ್ಚು ಬಾರಿ ಸ್ನಾನಕ್ಕೆ ಯೋಗ್ಯವಾಗಿ ಕಂಡುಬಂದಿದೆ. ಇದು ಹೆಲಿಕಾಪ್ಟರಿನಿಂದ ಆದದ್ದಲ್ಲ, ನೆಲದಡಿಯ ಕೊಳವೆಗಳಿಂದ ಆದದ್ದು. ಒಳಭಾಗದ ಹೊಳೆಗಳು ಮಾತ್ರ ಇನ್ನೂ ಕೇರಿಯ ಕಸವನ್ನು ಹೊತ್ತು ತರುತ್ತಲೇ ಇವೆ. ಬಂದರು ಎಂಬುದು ಊರಿನ ಲೆಕ್ಕಪುಸ್ತಕದ ಕೊನೆಯ ಪುಟ. ಮೊತ್ತ ಕಾಣುವುದು ಅಲ್ಲಿ, ಖರ್ಚು ನಡೆಯುವುದು ಮನೆ ಮನೆಯಲ್ಲಿ. ಐನೂರು ವರ್ಷಗಳ ಹಿಂದೆ ಆ ನಾವಿಕರು ಕೊಲ್ಲಿಯನ್ನು ಕಂಡು ನದಿಯೆಂದರು. ಅದನ್ನು ಉಳಿಸಬಯಸುವವರು ಇಂದಿಗೂ ಹಾಗೆಯೇ ನೋಡಬೇಕಾಗಿದೆ: ನದಿಯೆಂದು ಬಗೆದು, ಅದು ಹುಟ್ಟುವ ಕಡೆಗೆ ಮುಖಮಾಡಿ.